ದುಡಿಮೆಯ ಲೆಕ್ಕ ಯಾರ ಕೈಯಲ್ಲಿ?

1883ರ ನವೆಂಬರಿನಲ್ಲಿ ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯ ಬೇಕಪ್ ಎಂಬ ಗಿರಣಿ ಊರಿಗೆ ಯುವತಿಯೊಬ್ಬಳು ಬಂದಿಳಿದಳು. ತನ್ನ ಹೆಸರು ಮಿಸ್ ಜೋನ್ಸ್, ವೇಲ್ಸಿನ ರೈತನೊಬ್ಬನ ಮಗಳು ಎಂದು ಆಕೆ ಹೇಳಿಕೊಂಡಿದ್ದಳು. ಅಲ್ಲಿನ ನೇಕಾರ ಕುಟುಂಬಗಳ ಮನೆಯಲ್ಲಿ ಉಳಿದು, ಅವರ ಜೊತೆ ಊಟ ಮಾಡಿ, ಭಾನುವಾರ ಅವರೊಂದಿಗೆ ಚರ್ಚಿಗೂ ಹೋಗಿ ಬಂದಳು. ಆ ಮನೆಯವರು ದೂರದಿಂದ ಆಕೆಗೆ ಬಂಧುಗಳೇ ಆಗಬೇಕಿತ್ತು. ಆದರೆ ಎದುರಿಗೆ ಕುಳಿತವಳು ಗ್ರೇಟ್ ವೆಸ್ಟರ್ನ್ ರೈಲ್ವೆಯ ಅಧ್ಯಕ್ಷರಾಗಿದ್ದ ರಿಚರ್ಡ್ ಪಾಟರ್ ಅವರ ಮಗಳು ಬಿಯಾಟ್ರಿಸ್ ಎಂಬುದು ಅವರಿಗೆ ಗೊತ್ತಿರಲಿಲ್ಲ.

ಬೇಕಪ್‌ನಲ್ಲಿ ಬಿಯಾಟ್ರಿಸ್ ಕಂಡದ್ದು ಬಡತನವನ್ನಲ್ಲ. ಗಿರಣಿಯಲ್ಲಿ ದಿನವಿಡೀ ದುಡಿದು ಬಂದ ಜನ ಸಂಜೆ ತಮ್ಮದೇ ಸಹಕಾರಿ ಅಂಗಡಿಯ ಸಭೆ ಸೇರುತ್ತಿದ್ದರು, ಲೆಕ್ಕ ಒಪ್ಪಿಸುತ್ತಿದ್ದರು, ಲೆಕ್ಕ ಕೇಳುತ್ತಿದ್ದರು. ಲಂಡನ್ನಿನ ಸಿರಿವಂತ ಮನೆಗಳಲ್ಲಿ ‘ಕಾರ್ಮಿಕ ಸಮಸ್ಯೆ’ ಎಂದು ಚರ್ಚೆಯಾಗುತ್ತಿದ್ದ ವಿಷಯಕ್ಕೂ ಇಲ್ಲಿ ಕಣ್ಣಿಗೆ ಬಿದ್ದದ್ದಕ್ಕೂ ತಾಳೆಯೇ ಇರಲಿಲ್ಲ. ಮುಂದೆ ಸಹಕಾರ ಸಂಘ ಮತ್ತು ಕಾರ್ಮಿಕ ಸಂಘ ಎರಡನ್ನೂ ಶಾಸ್ತ್ರೀಯವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಆಕೆ ಒಬ್ಬರಾದದ್ದಕ್ಕೆ ಬೀಜ ಬಿದ್ದದ್ದು ಈ ಪ್ರವಾಸದಲ್ಲಿ.

ಇಂದು ನ್ಯೂಯಾರ್ಕಿನ ವಿಶ್ವವಿದ್ಯಾಲಯವೊಂದು ಇದೇ ಎರಡು ವಿಷಯಗಳ ಮೇಲೆ, ಆದರೆ ಮೊಬೈಲು ಮತ್ತು ಆ್ಯಪ್‌ಗಳ ಕಾಲಕ್ಕೆ ಹೊಂದುವಂತೆ, ಸಂಶೋಧನಾ ಫೆಲೋಶಿಪ್‌ಗಳನ್ನು ನೀಡುತ್ತಿದೆ. ಕಂಪ್ಯೂಟರ್ ಯುಗದಲ್ಲಿ ಸಹಕಾರ ಸಂಘವೇ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ದುಡಿಯುವವರನ್ನು ಯಾರು ಅಧ್ಯಯನ ಮಾಡುತ್ತಾರೆ, ಆ ಅಧ್ಯಯನಕ್ಕೆ ಹಣ ಎಲ್ಲಿಂದ ಬರುತ್ತದೆ, ಲೆಕ್ಕದ ಪುಸ್ತಕ ಯಾರ ಬಳಿ ಇರುತ್ತದೆ ಎಂಬ ಪ್ರಶ್ನೆಗಳು ಹೊಸವಲ್ಲ. ಬಿಯಾಟ್ರಿಸ್ ಕಾಲದಿಂದಲೂ ಅವು ಸಹಕಾರ ಚಳವಳಿಯ ಬೆನ್ನಿಗೇ ಇವೆ.

ಆಕೆ ಬೇಕಪ್‌ಗೆ ಹೋಗುವ ಹೊತ್ತಿಗೆ ಇಂಗ್ಲೆಂಡಿನ ಸಹಕಾರ ಚಳವಳಿಗೆ ನಲವತ್ತು ವರ್ಷವಾಗುತ್ತ ಬಂದಿತ್ತು. ಬೇಕಪ್‌ಗೆ ಸಮೀಪದ ರಾಚ್‌ಡೇಲ್‌ನಲ್ಲಿ 1844ರ ಡಿಸೆಂಬರ್ 21ರ ಸಂಜೆ 28 ಪೌಂಡ್ ಬಂಡವಾಳದೊಂದಿಗೆ ಕೆಲವು ನೇಕಾರರೂ ಇತರ ಕುಶಲಕರ್ಮಿಗಳೂ ಒಂದು ಅಂಗಡಿ ತೆರೆದರು. ಮಾರಾಟಕ್ಕಿದ್ದುದು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ತರಿ ಇಷ್ಟೇ. ಕಲಬೆರಕೆಯಿಲ್ಲದ ಸಾಮಾನು, ಸದಸ್ಯನಿಗೆ ಒಂದೇ ಮತ, ಕೊಂಡ ಸಾಮಾನಿನ ಪ್ರಮಾಣಕ್ಕೆ ತಕ್ಕ ಲಾಭಾಂಶ ಎಂಬ ಅವರ ನಿಯಮಗಳನ್ನು ಶಾಲೆಯ ಪಠ್ಯದಲ್ಲಿ ಓದಿದವರು ಬಹಳ ಮಂದಿ. ಅಷ್ಟಾಗಿ ನೆನಪಿನಲ್ಲಿ ಉಳಿಯದ ಇನ್ನೊಂದು ನಿಯಮವಿದೆ. ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ಪಾಲನ್ನು ಶಿಕ್ಷಣಕ್ಕೆ ತೆಗೆದಿಡಬೇಕು ಎಂಬುದು ಆ ನಿಯಮ. ಅಂಗಡಿಯ ಮಹಡಿಯಲ್ಲಿ ವಾಚನಾಲಯ ಬಂತು, ಗ್ರಂಥಾಲಯ ಬಂತು. ಬೆಣ್ಣೆ ಮಾರುವ ಅಂಗಡಿಗೆ ಗ್ರಂಥಾಲಯವೇಕೆ ಎಂಬ ಅನುಮಾನ ಆ ನೇಕಾರರಿಗೆ ಬಂದಂತಿಲ್ಲ.

1889ರಲ್ಲಿ ಬಿಯಾಟ್ರಿಸ್ ಸಹಕಾರ ಚಳವಳಿಯ ಮೇಲೆ ಪುಸ್ತಕ ಬರೆಯುವ ವಿಚಾರವನ್ನು ಅಂದಿನ ಹೆಸರಾಂತ ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ ಅವರಲ್ಲಿ ಹೇಳಿಕೊಂಡರು. ಹೆಂಗಸರ ದುಡಿಮೆಯ ಬಗ್ಗೆ ಬರೆಯಿರಿ, ಅದನ್ನು ನೀವೇ ಬರೆಯಬೇಕು. ಸಹಕಾರದ ಗೋಜಿಗೆ ಹೋಗಬೇಡಿ ಎಂಬುದು ಮಾರ್ಷಲರ ಸಲಹೆ. ಆಕೆ ಅದನ್ನು ಪಕ್ಕಕ್ಕಿಟ್ಟು, ಸಹಕಾರ ಸಂಘಗಳ ಸಭೆಗಳಿಗೆ ಹೋಗಿ, ಕಡತಗಳನ್ನು ತಿರುವಿ, 1891ರಲ್ಲಿ ಪುಸ್ತಕ ಹೊರತಂದರು. ಇದೇ ಪುಸ್ತಕಕ್ಕೆ ಮಾಹಿತಿ ಹುಡುಕುತ್ತಿದ್ದಾಗ ಪರಿಚಯವಾದವರು ಸಿಡ್ನಿ ವೆಬ್. 1892ರಲ್ಲಿ ಅವರ ಮದುವೆಯಾಯಿತು. ದಂಪತಿ ಕೂಡಿ ಬರೆದ ಕಾರ್ಮಿಕ ಸಂಘಗಳ ಇತಿಹಾಸ 1894ರಲ್ಲಿ ಪ್ರಕಟವಾಯಿತು. ಇಂದು ಕಾರ್ಮಿಕ ಇಲಾಖೆಯ ಗುಮಾಸ್ತರೂ ಬಳಸುವ ‘ಸಾಮೂಹಿಕ ಚೌಕಾಸಿ’ ಎಂಬ ಮಾತಿನ ಇಂಗ್ಲಿಷ್ ಮೂಲವನ್ನು ಚಾಲ್ತಿಗೆ ತಂದವರು ಬಿಯಾಟ್ರಿಸ್ ಎಂದೇ ಸಾಮಾನ್ಯವಾಗಿ ಹೇಳಲಾಗುತ್ತದೆ.

ಆದರೆ ಆಕೆಯ ಪುಸ್ತಕ ಕಾರ್ಮಿಕರ ಒಂದು ಕನಸಿಗೆ ತಣ್ಣೀರು ಎರಚಿತು. ಕೊಳ್ಳುವವರು ಸೇರಿ ನಡೆಸುವ ಅಂಗಡಿ ಗೆಲ್ಲುತ್ತದೆ. ಕೆಲಸಗಾರರೇ ಒಡೆಯರಾಗಿ ನಡೆಸುವ ಕಾರ್ಖಾನೆ ಬಾಳುವುದಿಲ್ಲ ಎಂಬುದು ಆಕೆಯ ತೀರ್ಮಾನ. ಬಂಡವಾಳ ಸಾಲದು, ಮಾರುಕಟ್ಟೆ ಸಿಗದು, ಆಡಳಿತದಲ್ಲಿ ಶಿಸ್ತು ನಿಲ್ಲದು ಎಂದು ಮೂರು ಕಾರಣಗಳನ್ನು ಕೊಟ್ಟರು. ಹೇಗೋ ಗೆದ್ದ ಸಂಘವೂ ಕ್ರಮೇಣ ಹೊರಗಿನವರನ್ನು ಕೂಲಿಗಿಟ್ಟುಕೊಂಡು ತಾನೇ ಸಣ್ಣ ಮಾಲೀಕನಾಗಿಬಿಡುತ್ತದೆ ಎಂದೂ ಎಚ್ಚರಿಸಿದರು. ಇದಕ್ಕೆ ಉದಾಹರಣೆಗಳಿಗೇನೂ ಕೊರತೆಯಿರಲಿಲ್ಲ. ರಾಚ್‌ಡೇಲಿನವರೇ 1854ರಲ್ಲಿ ಶುರುಮಾಡಿದ ಹತ್ತಿ ಗಿರಣಿಯಲ್ಲಿ ಲಾಭದ ಒಂದು ಪಾಲು ಕೆಲಸಗಾರರಿಗೆ ಎಂಬ ನಿಯಮವಿತ್ತು. ದುಡ್ಡು ಹೂಡಿದ ಷೇರುದಾರರ ಸಂಖ್ಯೆ ಹೆಚ್ಚಿದಾಗ, 1862ರಲ್ಲಿ, ಅವರು ಮತ ಹಾಕಿ ಆ ನಿಯಮವನ್ನು ತೆಗೆದುಹಾಕಿದರು.

ಈ ಸಂಶೋಧನೆಗೆ ಹಣ ಎಲ್ಲಿಂದ ಬಂತು? ಅಂದು ಫೆಲೋಶಿಪ್ ಕೊಡುವವರು ಯಾರೂ ಇರಲಿಲ್ಲ. 1892ರ ಆರಂಭದಲ್ಲಿ ತೀರಿಕೊಂಡ ತಂದೆಯ ಆಸ್ತಿಯಿಂದ ಬಿಯಾಟ್ರಿಸ್‌ಗೆ ವರ್ಷಕ್ಕೆ ಸುಮಾರು ಸಾವಿರ ಪೌಂಡ್ ಆದಾಯ ಬರುತ್ತಿತ್ತು. ಸಿಡ್ನಿ ಸರ್ಕಾರಿ ನೌಕರಿ ಬಿಟ್ಟು ಬರವಣಿಗೆಗೆ ಕುಳಿತದ್ದಕ್ಕೂ ಈ ಹಣವೇ ಆಸರೆ. ಅಂದರೆ ಕಾರ್ಮಿಕ ಸಂಘಗಳ ಮೊದಲ ದೊಡ್ಡ ಇತಿಹಾಸ ಸಿದ್ಧವಾದದ್ದು ರೈಲ್ವೆ ಬಂಡವಾಳದ ಬಡ್ಡಿಯಲ್ಲಿ! ದಂಪತಿ 1895ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಕಟ್ಟಲು ನೆರವಾದಾಗಲೂ ಮೂಲಧನವಾದದ್ದು ಹೆನ್ರಿ ಹಚಿನ್‌ಸನ್ ಎಂಬುವರು ಉಯಿಲಿನಲ್ಲಿ ಬಿಟ್ಟುಹೋದ ಹಣ. ದುಡಿಯುವವರ ಬಗೆಗಿನ ಅಧ್ಯಯನ ದುಡಿಯದೆ ಬಂದ ಹಣದಲ್ಲಿ ನಡೆದದ್ದು ಆ ಶತಮಾನದ ಸಣ್ಣ ವಿನೋದಗಳಲ್ಲಿ ಒಂದು.

ಭಾರತಕ್ಕೆ ಸಹಕಾರ ಬಂದದ್ದೂ ಸಂಶೋಧನೆಯ ದಾರಿಯಲ್ಲೇ. ಮದ್ರಾಸ್ ಸರ್ಕಾರ ಫ್ರೆಡರಿಕ್ ನಿಕಲ್‌ಸನ್ ಎಂಬ ಅಧಿಕಾರಿಯನ್ನು ಯುರೋಪಿನ ಗ್ರಾಮೀಣ ಬ್ಯಾಂಕುಗಳ ಅಧ್ಯಯನಕ್ಕೆ ನೇಮಿಸಿತು. 1895 ಮತ್ತು 1897ರಲ್ಲಿ ಅವರು ಎರಡು ಸಂಪುಟಗಳ ವರದಿ ಒಪ್ಪಿಸಿದರು. ಜರ್ಮನಿಯ ಹಳ್ಳಿಗಳಲ್ಲಿ ಸಾಲದ ಸಂಘಗಳನ್ನು ಕಟ್ಟಿದ ರೈಫೀಸನ್‌ನಂಥ ಮನುಷ್ಯ ಬೇಕು ಎಂಬುದೇ ವರದಿಯ ಸಾರ. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯಿದೆ ಬಂತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ್ದು ಕನ್ನಡಿಗರೆಲ್ಲ ಬಲ್ಲ ಸಂಗತಿ. ಪುಣೆಯ ಗೋಖಲೆ ಸಂಸ್ಥೆಯ ಡಿ.ಆರ್. ಗಾಡ್ಗೀಳರು ಅರ್ಥಶಾಸ್ತ್ರದ ಸಂಶೋಧನೆ ಮಾಡುತ್ತಲೇ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆಯ ಮೊದಲ ಅಧ್ಯಕ್ಷರೂ ಆದರು. ಆದರೆ ಇವೆಲ್ಲ ರೈತರ ಸಂಘಗಳು. ಬಿಯಾಟ್ರಿಸ್ ಆಗದು ಎಂದದ್ದು ಕೂಲಿಕಾರರ ಸಂಘ.

ಅದು ಆದದ್ದು ಕಣ್ಣೂರಿನಲ್ಲಿ. ಈ ಕಥೆಗೆ ಮಂಗಳೂರಿನ ನಂಟಿದೆ.

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯನ್ನು ಅಂಗೀಕರಿಸಿತು. ಕೇರಳ ಸರ್ಕಾರ 1968ರಲ್ಲಿ ಅದನ್ನು ಜಾರಿಗೆ ತರಲು ಹೊರಟಾಗ, ಕಣ್ಣೂರಿನಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರಿನ ದೊಡ್ಡ ಕಂಪನಿಗಳು ಅಲ್ಲಿನ ಕೆಲಸ ನಿಲ್ಲಿಸಿಬಿಟ್ಟವು. ಸುಮಾರು 12 ಸಾವಿರ ಮಂದಿ ಬೀದಿಗೆ ಬಿದ್ದರು. ಕಂಪನಿಗಳಿಗೆ ಬೇರೆ ದಾರಿಯಿತ್ತು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವುದು ಮನೆಮನೆಯ ಹೆಂಗಸರ ಕೆಲಸ. ಎಲೆ, ಹೊಗೆಸೊಪ್ಪು ಒಯ್ಯುವುದು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ತಂದೊಪ್ಪಿಸುವುದು, ಸಾವಿರಕ್ಕೆ ಇಷ್ಟು ಎಂದು ಮಜೂರಿ ಎಣಿಸಿಕೊಳ್ಳುವುದು. ಸರಿಯಿಲ್ಲ ಎಂದು ತಳ್ಳಿಹಾಕಿದ ಬೀಡಿಗೆ ಕಾಸಿಲ್ಲ. ಕಾರ್ಖಾನೆಯಿಲ್ಲ, ಹಾಜರಿಯಿಲ್ಲ. ಎಲ್ಲರೂ ಬೇರೆ ಬೇರೆ ಮನೆಗಳಲ್ಲಿ ಕೂತಿರುವಾಗ ಸಂಘಟನೆ ಕಟ್ಟುವುದು ಹೇಗೆ?

ಕಣ್ಣೂರಿನ ಕಾರ್ಮಿಕ ಸಂಘಗಳು ಸರ್ಕಾರದ ನೆರವು ಪಡೆದು 1969ರ ಫೆಬ್ರುವರಿಯಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಸ್ಥಾಪಿಸಿದವು. ಕಾರ್ಮಿಕರೇ ಷೇರುದಾರರು, ಕಾರ್ಮಿಕರೇ ಆಡಳಿತ ಮಂಡಳಿಯನ್ನು ಚುನಾಯಿಸುವವರು. ಅದೇ ಹೊತ್ತಿಗೆ ಅವರು ತಮ್ಮ ಯೂನಿಯನ್ನನ್ನೂ ಬಿಟ್ಟುಕೊಡಲಿಲ್ಲ. ಕಣ್ಣೂರಿನ ಬೀಡಿ ಶೆಡ್ಡುಗಳಲ್ಲಿ ಒಬ್ಬ ಪತ್ರಿಕೆಯನ್ನೋ ಪುಸ್ತಕವನ್ನೋ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತ ಬೀಡಿ ಕಟ್ಟುತ್ತಿದ್ದರು, ಓದಿದವನ ಕೂಲಿ ನಷ್ಟವನ್ನು ತಮ್ಮ ಪಾಲಿನಿಂದ ತುಂಬಿಕೊಡುತ್ತಿದ್ದರು. ರಾಚ್‌ಡೇಲಿನ ಎರಡೂವರೆ ಪಾಲು ಇಲ್ಲಿ ಬೀಡಿಯ ರೂಪದಲ್ಲಿ ಸಂದಾಯವಾಗುತ್ತಿತ್ತು ಎನ್ನಬಹುದು. ಉಚ್ಛ್ರಾಯದ ದಿನಗಳಲ್ಲಿ ದಿನೇಶ್ ಕಾರ್ಮಿಕರ ಸಂಖ್ಯೆ 40 ಸಾವಿರ ದಾಟಿತ್ತು. ಬೀಡಿಗೆ ಭವಿಷ್ಯವಿಲ್ಲ ಎಂದು ಮನಗಂಡು 1990ರ ದಶಕದ ಕೊನೆಯಲ್ಲಿ ಸಂಘ ಆಹಾರ ಪದಾರ್ಥಗಳ ತಯಾರಿಕೆಗೆ ಇಳಿಯಿತು.

ಇದರ ವಿವರಗಳು ಹೊರಜಗತ್ತಿಗೆ ತಿಳಿದದ್ದು ಥಾಮಸ್ ಐಸಾಕ್, ಅಮೆರಿಕದ ಮಾನವಶಾಸ್ತ್ರಜ್ಞ ರಿಚರ್ಡ್ ಫ್ರಾಂಕಿ ಮತ್ತು ಪ್ಯಾರೇಲಾಲ್ ರಾಘವನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಬಳಿಕ ಐಸಾಕ್ ಮತ್ತು ಮಿಷೆಲ್ ವಿಲಿಯಮ್ಸ್ ಕೋಯಿಕ್ಕೋಡ್ ಜಿಲ್ಲೆಯ ಊರಾಳುಂಗಲ್ ಕಾರ್ಮಿಕ ಗುತ್ತಿಗೆ ಸಹಕಾರ ಸಂಘದ ಕಥೆ ಬರೆದರು. ಸಮಾಜ ಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ 1925ರಲ್ಲಿ ಬೆರಳೆಣಿಕೆಯ ಕೂಲಿಕಾರರು ಕಟ್ಟಿದ ಆ ಸಂಘ ರಸ್ತೆ, ಸೇತುವೆ ಕಟ್ಟಿ ಬೆಳೆದು, ಕೊನೆಗೆ ಸ್ವಂತ ಸೈಬರ್ ಪಾರ್ಕನ್ನೇ ನಿರ್ಮಿಸಿದೆ. ಬಿಯಾಟ್ರಿಸ್ ತೀರ್ಪು ಪೂರ್ತಿ ತಪ್ಪಾಯಿತು ಎನ್ನಲಾಗದು, ಮುಳುಗಿದ ಸಂಘಗಳೇ ಇಂದಿಗೂ ಹೆಚ್ಚು. ಆದರೆ ಯಾವಾಗ ಮುಳುಗುತ್ತವೆ, ಯಾವಾಗ ಬದುಕುತ್ತವೆ ಎಂಬುದನ್ನು ಕಣ್ಣಾರೆ ನೋಡಿ ಹೇಳಬೇಕಾಗುತ್ತದೆ.

ಹೀಗೆ ನೋಡಿ ಹೇಳುವ ಕೆಲಸಕ್ಕೇ ಹುಟ್ಟಿದ್ದು ಆರಂಭದಲ್ಲಿ ಹೇಳಿದ ನ್ಯೂಯಾರ್ಕಿನ ಫೆಲೋಶಿಪ್. ಅದನ್ನು ನೀಡುವ ದಿ ನ್ಯೂ ಸ್ಕೂಲ್‌ಗೆ ತನ್ನದೇ ಚರಿತ್ರೆಯಿದೆ. ಮೊದಲ ಮಹಾಯುದ್ಧವನ್ನು ವಿರೋಧಿಸಿದ ಅಧ್ಯಾಪಕರನ್ನು ಕೊಲಂಬಿಯಾ ವಿಶ್ವವಿದ್ಯಾಲಯ ವಜಾ ಮಾಡಿದಾಗ ಅದನ್ನು ಪ್ರತಿಭಟಿಸಿ ಹೊರನಡೆದ ಚಾರ್ಲ್ಸ್ ಬಿಯರ್ಡ್ ಮತ್ತಿತರರು 1919ರಲ್ಲಿ ಅದನ್ನು ಸ್ಥಾಪಿಸಿದರು. 1933ರಲ್ಲಿ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ವಿದ್ವಾಂಸರಿಗೆ ಅದು ಆಶ್ರಯ ನೀಡಿತು. ಅಲ್ಲಿನ ಪ್ರಾಧ್ಯಾಪಕ ಟ್ರೆಬರ್ ಶೋಲ್ಜ್ 2014ರ ಕೊನೆಯಲ್ಲಿ ಒಂದು ಲೇಖನ ಬರೆದರು. ಟ್ಯಾಕ್ಸಿ ಕರೆಯುವ ಆ್ಯಪ್, ಊಟ ತರಿಸುವ ಆ್ಯಪ್ ಇವುಗಳ ತಂತ್ರಜ್ಞಾನವನ್ನು ಬಿಡಬೇಕಿಲ್ಲ, ಅವುಗಳ ಒಡೆತನವನ್ನು ದುಡಿಯುವವರ ಸಹಕಾರ ಸಂಘಕ್ಕೆ ವಹಿಸಿದರೆ ಹೇಗೆ ಎಂಬುದು ಅವರ ಪ್ರಶ್ನೆ. ಇದಕ್ಕೆ ಅವರು ಪ್ಲಾಟ್‌ಫಾರ್ಮ್ ಸಹಕಾರ ಎಂಬ ಅರ್ಥದ ಹೆಸರಿಟ್ಟರು. 2015ರಲ್ಲಿ ದೊಡ್ಡ ಸಮ್ಮೇಳನ ನಡೆಯಿತು, ಮರುವರ್ಷ ಒಂದು ಒಕ್ಕೂಟ ಹುಟ್ಟಿತು. 2019ರಲ್ಲಿ ಸಹಕಾರಿ ಡಿಜಿಟಲ್ ಅರ್ಥವ್ಯವಸ್ಥೆಯ ಅಧ್ಯಯನಕ್ಕೇ ಮೀಸಲಾದ ಸಂಸ್ಥೆ ಆರಂಭವಾಯಿತು. ಬೇರೆ ಬೇರೆ ದೇಶಗಳ ಸಂಶೋಧಕರು ಈ ಸಂಸ್ಥೆಯ ಫೆಲೋಗಳಾಗಿ ಸಹಕಾರ ಸಂಘಗಳ ಬಂಡವಾಳ, ಆಡಳಿತ, ಕಾನೂನು, ಯೂನಿಯನ್ನುಗಳೊಂದಿಗಿನ ನಂಟು ಇವುಗಳನ್ನು ಅಭ್ಯಾಸ ಮಾಡುತ್ತಾರೆ.

ಹಣದ ವಿಷಯದಲ್ಲಿ ಇಲ್ಲೂ ಹಳೆಯ ವಿನೋದ ತಪ್ಪಿಲ್ಲ. 2018ರಲ್ಲಿ ಈ ಬಳಗಕ್ಕೆ, ಪ್ಲಾಟ್‌ಫಾರ್ಮ್ ಸಹಕಾರ ಸಂಘ ಕಟ್ಟುವವರಿಗೆ ಬೇಕಾದ ಸಾಧನಗಳನ್ನು ರೂಪಿಸಲು, 10 ಲಕ್ಷ ಡಾಲರ್ ಕೊಟ್ಟದ್ದು ಗೂಗಲ್ ಕಂಪನಿಯ ದಾನವಿಭಾಗ. ರೈಲ್ವೆಯ ಜಾಗಕ್ಕೆ ಇಂಟರ್ನೆಟ್ ಬಂದಿದೆ, ಅಷ್ಟೆ. ಆ ಯೋಜನೆಯ ಪಾಲುದಾರರಲ್ಲಿ ಅಹಮದಾಬಾದಿನ ‘ಸೇವಾ’ ಕೂಡ ಇತ್ತು.

ಸೇವಾ ಹೆಸರು ಅಲ್ಲಿ ಬಂದದ್ದು ಆಕಸ್ಮಿಕವಲ್ಲ. 1972ರಲ್ಲಿ ಇಳಾ ಭಟ್ ಅವರು ತಲೆಹೊರೆಯವರು, ಬೀದಿ ವ್ಯಾಪಾರಿಗಳು, ಮನೆಯಲ್ಲೇ ಕೂತು ದುಡಿಯುವವರು ಮೊದಲಾದ ಹೆಂಗಸರ ಸಂಘವನ್ನು ನೋಂದಾಯಿಸಲು ಹೋದಾಗ ಕಾರ್ಮಿಕ ಇಲಾಖೆ ತಕರಾರು ತೆಗೆಯಿತು. ನಿಮಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ, ಮಾಲೀಕನಿಲ್ಲದೆ ಯೂನಿಯನ್ ಹೇಗೆ ಎಂಬುದು ಇಲಾಖೆಯ ವಾದ. ಯೂನಿಯನ್ ಇರುವುದು ಮಾಲೀಕನ ವಿರುದ್ಧ ಮಾತ್ರವಲ್ಲ, ಕೆಲಸಗಾರರ ಒಗ್ಗಟ್ಟಿಗಾಗಿ ಎಂದು ವಾದಿಸಿ ಅವರು ನೋಂದಣಿ ಪಡೆದರು. 1974ರಲ್ಲಿ ಅದೇ ಹೆಂಗಸರ ಸಹಕಾರಿ ಬ್ಯಾಂಕು ಆರಂಭವಾಯಿತು. ಇಂದು ಊಟ ತಲುಪಿಸುವ ಹುಡುಗನಿಗೂ ಟ್ಯಾಕ್ಸಿ ಚಾಲಕನಿಗೂ ಕಂಪನಿಗಳು ಹೇಳುವುದು ಇದನ್ನೇ: ನೀವು ನೌಕರರಲ್ಲ, ಪಾಲುದಾರರು. ನೀತಿ ಆಯೋಗದ 2022ರ ವರದಿಯ ಅಂದಾಜಿನಂತೆ 2020–21ರಲ್ಲಿ ದೇಶದಲ್ಲಿ ಇಂಥವರ ಸಂಖ್ಯೆ 77 ಲಕ್ಷ.

ಬೀಡಿ ಕಟ್ಟುವ ಹೆಂಗಸಿಗೂ ಈ ‘ಪಾಲುದಾರ’ನಿಗೂ ಹೋಲಿಕೆ ಬಹಳ. ಇಬ್ಬರಿಗೂ ಎಣಿಕೆಯ ಮೇಲೆ ಕೂಲಿ, ಇಬ್ಬರದೂ ಚದುರಿದ ದುಡಿಮೆ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಬೀಡಿ ಬ್ರಾಂಚಿನಲ್ಲಿ ಎದುರಿಗೆ ಮನುಷ್ಯನಿದ್ದ, ಎಣಿಸಿದ್ದು ಕಣ್ಣಿಗೆ ಕಾಣುತ್ತಿತ್ತು, ಜಗಳವಾಡಬಹುದಿತ್ತು. ಆ್ಯಪ್‌ನಲ್ಲಿ ಯಾವ ಸವಾರಿ ಯಾರಿಗೆ ಹೋಯಿತು, ಒಬ್ಬನಿಗೆ ಹೆಚ್ಚು ಇನ್ನೊಬ್ಬನಿಗೆ ಕಡಿಮೆ ಏಕೆ, ಇದ್ದಕ್ಕಿದ್ದಂತೆ ಖಾತೆ ಬಂದ್ ಆದದ್ದು ಯಾವ ತಪ್ಪಿಗೆ ಎಂಬುದೆಲ್ಲ ಕಂಪನಿಯ ಗಣಕದೊಳಗೆ ಇರುತ್ತದೆ. ಚಾಲಕನಿಗೆ ಗೊತ್ತಿರುವುದು ತನ್ನ ಸವಾರಿಯಷ್ಟೇ. ಬಿಯಾಟ್ರಿಸ್ ವೇಷ ಬದಲಿಸಿ ನೇಕಾರರ ಮನೆ ಹೊಕ್ಕು ನೋಡಿದರು. ಗಣಕದೊಳಗೆ ಯಾವ ವೇಷದಲ್ಲಿ ಹೊಗುವುದು?

ಬ್ರಿಟನ್ನಿನ ಚಾಲಕರು ಕೋರ್ಟಿನ ದಾರಿ ಹಿಡಿದರು. 2021ರ ಫೆಬ್ರುವರಿ 19ರಂದು ಅಲ್ಲಿನ ಸುಪ್ರೀಂ ಕೋರ್ಟು ಊಬರ್ ಚಾಲಕರು ಸ್ವತಂತ್ರ ಗುತ್ತಿಗೆದಾರರಲ್ಲ, ಕನಿಷ್ಠ ವೇತನ ಮತ್ತು ರಜೆಗೆ ಅರ್ಹರಾದ ಕೆಲಸಗಾರರು ಎಂದು ತೀರ್ಪಿತ್ತಿತು. ಅದಕ್ಕಿಂತ ಕುತೂಹಲಕರವಾದದ್ದು ಆಮ್‌ಸ್ಟರ್‌ಡಾಂನ ಮೊಕದ್ದಮೆ. ತಮ್ಮ ಬಗ್ಗೆ ಕಂಪನಿ ಬರೆದಿಟ್ಟುಕೊಂಡಿರುವುದನ್ನು ತಮಗೆ ತೋರಿಸಬೇಕು ಎಂದು ಚಾಲಕರು ಯುರೋಪಿನ ದತ್ತಾಂಶ ಕಾಯಿದೆಯಡಿ ಕೇಳಿದ್ದರು. ಪ್ರತಿವಾದಿಗಳಲ್ಲಿ ಊಬರ್ ಜೊತೆಗೆ ಆಗ ಬ್ರಿಟನ್ನಿನಲ್ಲೂ ಟ್ಯಾಕ್ಸಿ ಓಡಿಸುತ್ತಿದ್ದ ಬೆಂಗಳೂರಿನ ಓಲಾ ಕೂಡ ಇತ್ತು. ಚಾಲಕ ಮೋಸ ಮಾಡುವ ಸಂಭವವೆಷ್ಟು ಎಂದು ಗಣಕವೇ ಹಾಕುವ ಅಂಕದ ಸಂಗತಿ ಹೊರಬಿದ್ದದ್ದು ಈ ವಿಚಾರಣೆಯಲ್ಲಿ. 2023ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಬಹುಮಟ್ಟಿಗೆ ಚಾಲಕರ ಪರವಾಗಿ ತೀರ್ಪು ನೀಡಿತು. ಓಲಾ 2024ರಲ್ಲಿ ಬ್ರಿಟನ್ನಿನಿಂದ ಹೊರಬಂತು.

ತಾವೇ ಆ್ಯಪ್ ಕಟ್ಟಿದವರೂ ಇದ್ದಾರೆ. ಫ್ರಾನ್ಸಿನ ಸೈಕಲ್ ಡೆಲಿವರಿ ಹುಡುಗರು ಕಟ್ಟಿಕೊಂಡ ಕೂಪ್‌ಸೈಕಲ್ ಒಕ್ಕೂಟದ ತಂತ್ರಾಂಶಕ್ಕೆ ಒಂದು ಷರತ್ತಿದೆ: ಸಹಕಾರ ಸಂಘಗಳು ಮಾತ್ರ ಅದನ್ನು ವ್ಯಾಪಾರಕ್ಕೆ ಬಳಸಬಹುದು. ನ್ಯೂಯಾರ್ಕಿನಲ್ಲಿ 2021ರಲ್ಲಿ ಚಾಲಕರ ಸಹಕಾರ ಸಂಘ ಟ್ಯಾಕ್ಸಿ ಆ್ಯಪ್ ಆರಂಭಿಸಿತು. ಸಾವಿರಾರು ಚಾಲಕರು ಸೇರಿದರು, ಆದರೆ ಬಂಡವಾಳ, ಮಾರುಕಟ್ಟೆ, ಆಡಳಿತ ಎಂದು 1891ರಲ್ಲಿ ಎಣಿಸಿದ ಮೂರು ತೊಡಕುಗಳೂ ಬಾಗಿಲಲ್ಲೇ ಕಾದಿದ್ದವು. ವರ್ಷಗಟ್ಟಲೆ ನಷ್ಟ ತಿಂದು ರಿಯಾಯಿತಿ ಕೊಡಬಲ್ಲ ಎದುರಾಳಿಯ ಮುಂದೆ ಸದಸ್ಯರ ಷೇರು ಹಣ ಎಷ್ಟು ದಿನ ತಾಳೀತು? ಭಾರತದಲ್ಲಿ 2025ರಲ್ಲಿ ಅಮುಲ್, ಇಫ್ಕೊ ಮೊದಲಾದ ದೊಡ್ಡ ಸಂಸ್ಥೆಗಳು ಸೇರಿ ಸಹಕಾರಿ ಟ್ಯಾಕ್ಸಿ ಸಂಘವನ್ನು ನೋಂದಾಯಿಸಿದಾಗ ಬಂಡವಾಳದ ಪ್ರಶ್ನೆಗೆ ಒಂದು ಉತ್ತರ ಸಿಕ್ಕಂತಾಯಿತು. ಮೇಲಿನಿಂದ ಇಳಿದು ಬಂದ ಸಂಘದಲ್ಲಿ ಚಾಲಕನ ಮತಕ್ಕೆ ತೂಕವೆಷ್ಟು ಎಂಬುದು ಮುಂದಿನ ಸಂಶೋಧಕರು ನೋಡಬೇಕಾದ ವಿಷಯ. ರಾಚ್‌ಡೇಲಿನ ಗಿರಣಿಯನ್ನು ಅವರು ಮರೆಯದಿದ್ದರೆ ಒಳ್ಳೆಯದು.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆ ಕಾಯಿದೆ ಮಾಡಿತು. ಪ್ರತಿ ವಹಿವಾಟಿನ ಮೇಲೆ ಕಂಪನಿಗಳು ನೂರಕ್ಕೆ ಒಂದರಿಂದ ಐದರವರೆಗೆ ಕಲ್ಯಾಣ ಶುಲ್ಕ ಕೊಡಬೇಕು ಎಂಬ ಅಂಶ ಹೆಚ್ಚು ಸುದ್ದಿಯಾಯಿತು. ಕೆಲಸ ಹಂಚುವ, ಅಂಕ ಹಾಕುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕನಿಗೆ ತಿಳಿಸಬೇಕು ಎಂಬ ಅಂಶ ಅಷ್ಟು ಸುದ್ದಿಯಾಗಲಿಲ್ಲ. ಲೆಕ್ಕದ ಪುಸ್ತಕ ಸ್ವಲ್ಪವಾದರೂ ತೆರೆಯುವುದಿದ್ದರೆ ಅದು ತೆರೆಯುವುದು ಈ ಎರಡನೆಯ ಬಾಗಿಲಿನಿಂದ.

ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು, ಆಕ್ಸ್‌ಫರ್ಡಿನವರ ಜೊತೆ ಸೇರಿ ‘ಫೇರ್‌ವರ್ಕ್’ ಎಂಬ ಹೆಸರಿನಲ್ಲಿ ಭಾರತದ ಆ್ಯಪ್ ಕಂಪನಿಗಳಿಗೆ ಅಂಕ ಕೊಡುತ್ತ ಬಂದಿದ್ದಾರೆ. ಕೆಲಸಗಾರರಿಗೆ ಅಂಕ ಹಾಕುವ ಕಂಪನಿಗಳಿಗೇ ಅಂಕ! ಕೆಲಸಗಾರರ ಜೊತೆ ಮಾತನಾಡಿ, ಕಂಪನಿಗಳಿಂದಲೂ ವಿವರ ಕೇಳಿ, ಕೂಲಿ, ಕೆಲಸದ ಸ್ಥಿತಿ, ಕರಾರು, ನಿರ್ವಹಣೆ, ಪ್ರಾತಿನಿಧ್ಯ ಎಂಬ ಐದು ಬಾಬ್ತುಗಳಲ್ಲಿ ಒಟ್ಟು ಹತ್ತಕ್ಕೆ ಲೆಕ್ಕ ಹಾಕುತ್ತಾರೆ. 2024ರ ವರದಿಯಲ್ಲಿ ಯಾವ ಕಂಪನಿಯೂ ಆರನ್ನು ದಾಟಲಿಲ್ಲ. ಕೆಲಸಗಾರರ ಸಂಘವನ್ನು ಮಾನ್ಯ ಮಾಡಿ ಅದರೊಡನೆ ಮಾತುಕತೆಗೆ ಕೂರುವ ಐದನೆಯ ಬಾಬ್ತಿನಲ್ಲಿ ಆ ವರ್ಷವೂ, ಅದರ ಹಿಂದಿನ ವರ್ಷವೂ ಎಲ್ಲರಿಗೂ ಬಂದದ್ದು ಸೊನ್ನೆ.